ಸೆಮಿಸ್ಟರ್ ಮುಗಿದ ಮೇಲೂ ಉಳಿಯುವಂಥ ಕೆಲಸ: ಸ್ಥಳೀಯ ಸಂಸ್ಥೆಗಳ ಸೇವೆ ಸುಧಾರಿಸಲು ವಿದ್ಯಾರ್ಥಿಗಳು ಏನು ಮಾಡಬಹುದು, ಹೇಗೆ ಮಾಡಬೇಕು

ಸ್ಥಳೀಯ ಸಂಸ್ಥೆಯ ಕಚೇರಿಯಲ್ಲಿ ಕೌಂಟರಿನ ಹಿಂದೆ ಕೂತವರಿಗೆ ತಮ್ಮ ಸೇವೆ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂಬುದು ಅಂದಾಜಾಗಿ ಗೊತ್ತೇ ಇರುತ್ತದೆ. ಯಾವ ಕಾಗದ ಮರೆತು ಜನ ವಾಪಸ್ ಹೋಗುತ್ತಾರೆ, ಯಾವ ಮೇಜಿನ ಮೇಲೆ ಕಡತ ವಾರಗಟ್ಟಲೆ ಮಲಗುತ್ತದೆ, ಯಾವ ದಿನ ಸಾಲು ಬಾಗಿಲು ದಾಟುತ್ತದೆ, ಎಲ್ಲವನ್ನೂ ಕೇಳಿದರೆ ಹೇಳುತ್ತಾರೆ. ಆದರೆ ಅದನ್ನು ಎಣಿಸಿ, ಬರೆದು, ಮೇಲಧಿಕಾರಿಗಳ ಮುಂದೆ ಅಂಕಿಯಾಗಿ ಇಡುವಷ್ಟು ಬಿಡುವು ಅವರಿಗೆ ಇರುವುದಿಲ್ಲ. ವಿದ್ಯಾರ್ಥಿಗಳ ಬಳಿ ಇರುವ ದೊಡ್ಡ ಬಂಡವಾಳ ಆ ಬಿಡುವೇ. ಇಪ್ಪತ್ತು ಜನರ ಒಂದು ತರಗತಿ ವಾರಕ್ಕೆ 6 ಗಂಟೆಯಂತೆ 12 ವಾರ ಕೊಟ್ಟರೆ 1440 ಗಂಟೆಯಾಯಿತು. ಒಬ್ಬ ನೌಕರ ದಿನಕ್ಕೆ 8 ಗಂಟೆಯಂತೆ 180 ದಿನ ದುಡಿದಷ್ಟು.

ಈ 1440 ಗಂಟೆ ಬಹುತೇಕ ಪ್ರಾಜೆಕ್ಟುಗಳಲ್ಲಿ ಆ್ಯಪ್ ಮಾಡುವುದರಲ್ಲಿ ಕರಗಿಹೋಗುತ್ತದೆ. ಆ್ಯಪ್ ಕಣ್ಣಿಗೆ ಕಾಣುತ್ತದೆ, ಪ್ರಾಜೆಕ್ಟ್ ವೈವಾದಲ್ಲಿ ತೋರಿಸಬಹುದು, ರೆಸ್ಯೂಮೆಗೆ ಒಂದು ಸಾಲು ಸಿಗುತ್ತದೆ. ಮುಂದಿನ ವರ್ಷ ಅದರ ಸರ್ವರಿನ ಬಾಡಿಗೆ ಕಟ್ಟುವವರು ಯಾರು ಎಂದು ಯಾರೂ ಕೇಳಿರುವುದಿಲ್ಲ. ಅದೇ ಗಂಟೆಗಳನ್ನು ಎಣಿಕೆಗೆ, ಅರ್ಜಿ ನಮೂನೆ ತಿದ್ದುವುದಕ್ಕೆ, ಕಡತದ ದಾರಿ ಹುಡುಕುವುದಕ್ಕೆ ಹಾಕಿದರೆ ಫಲ ಹೆಚ್ಚು. ಹೇಗೆಂದು ನೋಡೋಣ.

ಮೂರು ಬಗೆಯ ನಂಟು

ಒಬ್ಬ ವಿದ್ಯಾರ್ಥಿ ಕಚೇರಿಯಲ್ಲಿ ಎರಡು ತಿಂಗಳು ಇಂಟರ್ನ್‌ಶಿಪ್ ಮಾಡುವುದು ಮೊದಲ ಬಗೆ. ಶುರುಮಾಡಲು ಸುಲಭ, ಆದರೆ ಆ ವಿದ್ಯಾರ್ಥಿ ಹೊರಟ ದಿನವೇ ಕೆಲಸವೂ ನಿಲ್ಲುತ್ತದೆ. ಎರಡನೆಯದು ಒಂದು ಇಡೀ ತರಗತಿ ಒಂದು ಸೆಮಿಸ್ಟರಿನ ಮಟ್ಟಿಗೆ ಒಂದು ಸಮಸ್ಯೆ ಹಿಡಿಯುವುದು. ಹೆಚ್ಚಾಗಿ ನಡೆಯುವುದೂ, ಈ ಲೇಖನ ಮುಖ್ಯವಾಗಿ ಹೇಳುವುದೂ ಇದನ್ನೇ.

ಮೂರನೆಯದು ದೊಡ್ಡ ಪ್ರಮಾಣದ್ದು. ಅಮೆರಿಕದ ಆರೆಗನ್ ವಿಶ್ವವಿದ್ಯಾಲಯ 2009ರಲ್ಲಿ ಶುರುಮಾಡಿದ ‘ಸಸ್ಟೇನಬಲ್ ಸಿಟಿ ಇಯರ್ ಪ್ರೋಗ್ರಾಂ’ ಇದರ ಹೆಸರಾಂತ ಮಾದರಿ. ಮೊದಲ ವರ್ಷ ಅದೇ ಆರೆಗನ್ ರಾಜ್ಯದ ಗ್ರೆಶಮ್ ನಗರ, ಮರುವರ್ಷ ಅಲ್ಲಿನದೇ ಸೇಲಂ. ಇದಕ್ಕಾಗಿ ಹೊಸ ಕೋರ್ಸ್ ತೆರೆಯುವುದಿಲ್ಲ. ಯೋಜನೆ, ವಾಸ್ತುಶಿಲ್ಪ, ಕಾನೂನು, ವ್ಯವಹಾರ ಹೀಗೆ ಬೇರೆಬೇರೆ ವಿಭಾಗಗಳಲ್ಲಿ ಮೊದಲೇ ನಡೆಯುತ್ತಿರುವ ಕೋರ್ಸುಗಳು ಆ ವರ್ಷ ಒಂದೇ ನಗರದ ಸಮಸ್ಯೆಗಳನ್ನು ಅಭ್ಯಾಸಕ್ಕೆ ತೆಗೆದುಕೊಳ್ಳುತ್ತವೆ. ಯಾವ ಸಮಸ್ಯೆ ಎಂದು ಹೇಳುವುದು ನಗರಾಡಳಿತ, ಖರ್ಚಿನಲ್ಲೂ ಅದರ ಪಾಲಿದೆ. ಈ ಮಾದರಿ ಹಿಡಿದ ವಿಶ್ವವಿದ್ಯಾಲಯಗಳು ಈಗ ಎಪಿಕ್-ಎನ್ ಎಂಬ ಜಾಲದಲ್ಲಿ ಒಂದಾಗಿವೆ. ಇಲ್ಲಿ ಗಮನಿಸಬೇಕಾದ್ದು ಹಣದ ವಿಷಯ. ಚಿಕ್ಕ ಮೊತ್ತವೇ ಆದರೂ ಸರಿ, ಕಚೇರಿ ತನ್ನ ಬಜೆಟ್ಟಿನಿಂದ ಕೊಟ್ಟಾಗ ವರದಿ ಬಂತೇ ಎಂದು ಕೇಳುವವರು ಹುಟ್ಟುತ್ತಾರೆ. ಪುಕ್ಕಟೆ ಬಂದ ವರದಿ ಬೀರು ಸೇರುವುದು ಬೇಗ.

ಸಮಸ್ಯೆಯ ಅಳತೆ ಸರಿಯಿರಲಿ

‘ನಾಗರಿಕ ಸೇವೆಗಳ ಗುಣಮಟ್ಟ ಸುಧಾರಣೆ’ ಎಂಬ ಶೀರ್ಷಿಕೆಯ ಪ್ರಾಜೆಕ್ಟ್ ದಡ ಮುಟ್ಟುವುದು ಕಷ್ಟ. ‘ಕಟ್ಟಡ ಪರವಾನಗಿಯ ಅರ್ಜಿಗಳಲ್ಲಿ ಮೊದಲ ಸಲವೇ ವಾಪಸಾಗುವವು ಎಷ್ಟು, ಯಾವ ಕಾರಣಕ್ಕೆ, ಅದನ್ನು ಅರ್ಧಕ್ಕೆ ಇಳಿಸಬಹುದೇ’ ಎಂಬುದು ಮುಗಿಯುತ್ತದೆ. ಯಾವ ಸೇವೆ, ಅದರ ಯಾವ ಹಂತ, ಯಾರಿಗೆ ತೊಂದರೆ, ಯಾವ ಅಂಕಿ ಬದಲಾದರೆ ಸುಧಾರಿಸಿತು ಎನ್ನುತ್ತೇವೆ, ಇಷ್ಟು ಒಂದೇ ವಾಕ್ಯದಲ್ಲಿ ಬಾರದಿದ್ದರೆ ಸಮಸ್ಯೆ ಇನ್ನೂ ಹಣ್ಣಾಗಿಲ್ಲ ಎಂದರ್ಥ.

ಆರಿಸಿಕೊಂಡದ್ದನ್ನು ಮೂರು ಪ್ರಶ್ನೆಗಳಿಂದ ಜರಡಿ ಹಿಡಿಯಬೇಕು. ಬದಲಾವಣೆ ಮಾಡುವ ಅಧಿಕಾರ ಈ ಕಚೇರಿಗೇ ಇದೆಯೇ? ಬೇಕಾದ ಮಾಹಿತಿ ಎರಡು ವಾರದೊಳಗೆ ಕೈಗೆ ಬರುತ್ತದೆಯೇ? ಬದಲಾವಣೆಯ ಫಲ ಸೆಮಿಸ್ಟರಿನೊಳಗೆ ಕಾಣುತ್ತದೆಯೇ? ಮೊದಲ ಪ್ರಶ್ನೆಯಲ್ಲೇ ಹೆಚ್ಚಿನವು ಬಿದ್ದುಹೋಗುತ್ತವೆ. ಯಾವ ದಾಖಲೆ ಕಡ್ಡಾಯ ಎಂದು ಮೇಲಿನ ಸರ್ಕಾರದ ಕಾನೂನು ಹೇಳಿದ್ದರೆ ಅದನ್ನು ಕೈಬಿಡಿ ಎಂದು ಸ್ಥಳೀಯ ಸಂಸ್ಥೆಗೆ ಶಿಫಾರಸು ಮಾಡಿ ಪ್ರಯೋಜನವಿಲ್ಲ. ಆ ದಾಖಲೆ ಬೇಕು ಎಂಬುದನ್ನು ಜನರಿಗೆ ಯಾವಾಗ, ಯಾವ ಮಾತಿನಲ್ಲಿ, ಎಲ್ಲಿ ಹೇಳುತ್ತೇವೆ ಎನ್ನುವುದು ಮಾತ್ರ ಪೂರ್ತಿ ಕಚೇರಿಯ ಕೈಯಲ್ಲಿದೆ. ಫಲಕ, ನಮೂನೆ, ಸರದಿಯ ವ್ಯವಸ್ಥೆ, ಕಡತ ಯಾವ ಮೇಜಿನಿಂದ ಯಾವ ಮೇಜಿಗೆ ಹೋಗಬೇಕೆಂಬ ಕ್ರಮ, ಫೋನ್ ಎತ್ತಿದಾಗ ಹೇಳುವ ಉತ್ತರ ಇವೆಲ್ಲ ವಿದ್ಯಾರ್ಥಿಗಳ ಕೈಗೆಟುಕುವ ಹಣ್ಣುಗಳು.

ಎರಡು ಕ್ಯಾಲೆಂಡರುಗಳ ಜಗಳ

ಕಾಲೇಜಿಗೆ ಸೆಮಿಸ್ಟರ್ ಇದೆ, ಕಚೇರಿಗೆ ಹಣಕಾಸು ವರ್ಷ ಇದೆ, ಚುನಾವಣೆ ಇದೆ, ತೆರಿಗೆ ಕಟ್ಟುವ ಕೊನೆಯ ದಿನದ ನೂಕುನುಗ್ಗಲು ಇದೆ. ಹದಿನಾರು ವಾರದ ಸೆಮಿಸ್ಟರಿನಲ್ಲಿ ರಜೆ, ಪರೀಕ್ಷೆ ಕಳೆದು ಕೆಲಸಕ್ಕೆ ಉಳಿಯುವುದು ಹನ್ನೆರಡೇ ವಾರ. ಅದರಲ್ಲಿ ಅನುಮತಿಗೆಂದು ಐದು ವಾರ ಹೋದರೆ ಕಥೆ ಮುಗಿಯಿತು. ಆದ್ದರಿಂದ ಪತ್ರವ್ಯವಹಾರವನ್ನು ಸೆಮಿಸ್ಟರ್ ಶುರುವಾಗುವ ಆರೆಂಟು ವಾರ ಮೊದಲೇ ಅಧ್ಯಾಪಕರು ಮುಗಿಸಿರಬೇಕು. ಇದನ್ನು ವಿದ್ಯಾರ್ಥಿಗಳ ತಲೆಗೆ ಕಟ್ಟುವುದು ತಪ್ಪು. ಅವರಿಗೆ ಕಚೇರಿಯ ಬಾಗಿಲು ತೆಗೆಯುವ ಗುರುತೂ ಇರುವುದಿಲ್ಲ, ಕಾಯುವ ಕಾಲವೂ ಇರುವುದಿಲ್ಲ.

ಹನ್ನೆರಡು ವಾರದ ಹಂಚಿಕೆ ಸುಮಾರಾಗಿ ಹೀಗಿದ್ದರೆ ನಡೆಯುತ್ತದೆ: ಮೊದಲ ಎರಡು ವಾರ ಕಚೇರಿಯನ್ನು ಸುಮ್ಮನೆ ನೋಡುವುದು, ಮುಂದಿನ ಮೂರು ವಾರ ಅಳೆಯುವುದು, ಎರಡು ವಾರ ಕಾರಣ ಹುಡುಕಿ ಬದಲಾವಣೆ ರೂಪಿಸುವುದು, ಮೂರು ವಾರ ಪ್ರಯೋಗ, ಕೊನೆಯ ಎರಡು ವಾರ ಹಸ್ತಾಂತರ. ಹಸ್ತಾಂತರಕ್ಕೆ ಎರಡು ವಾರವೇ ಎಂದು ಎಲ್ಲರೂ ಹುಬ್ಬೇರಿಸುತ್ತಾರೆ. ಕೆಲಸ ಉಳಿಯುವುದೋ ಅಳಿಯುವುದೋ ಎಂದು ತೀರ್ಮಾನವಾಗುವುದು ಆ ಎರಡು ವಾರದಲ್ಲಿ.

ಒಪ್ಪಂದದ ಕಾಗದ ಎರಡು ಪುಟ ಮೀರಬಾರದು. ಕಚೇರಿಯ ಕಡೆಯಿಂದ ಹೊಣೆ ಹೊತ್ತ ಒಬ್ಬರ ಹುದ್ದೆ ಮತ್ತು ಅವರು ವರ್ಗವಾದರೆ ಬದಲಿ ಯಾರು, ವಾರಕ್ಕೆ ಎಷ್ಟು ಹೊತ್ತು ಅವರು ಕೊಡುತ್ತಾರೆ (ಒಂದು ಗಂಟೆ ಸಾಕು, ಆದರೆ ಗೊತ್ತಾದ ದಿನ ಗೊತ್ತಾದ ಹೊತ್ತಿಗೆ), ವಿದ್ಯಾರ್ಥಿಗಳು ಯಾವ ಕೋಣೆಗೆ ಹೋಗಬಹುದು, ಯಾವ ರಿಜಿಸ್ಟರ್ ನೋಡಬಹುದು, ಫಲಿತಾಂಶ ಪ್ರಕಟಿಸುವ ಮುನ್ನ ಕಚೇರಿ ಎಷ್ಟು ದಿನದಲ್ಲಿ ಓದಿ ಹೇಳಬೇಕು. ವರ್ಗಾವಣೆಯ ಮಾತನ್ನು ನಗೆಯಾಡಿ ಬಿಡಬೇಡಿ. ಉತ್ಸಾಹದಿಂದ ಕರೆದ ಅಧಿಕಾರಿ ಆರನೇ ವಾರದಲ್ಲಿ ಹೊರಟು, ಬಂದವರು ‘ನೀವು ಯಾರು’ ಎನ್ನುವುದು ಈ ಕ್ಷೇತ್ರದಲ್ಲಿ ತೀರ ಮಾಮೂಲು.

ಹೆಸರು ಅಳಿಸಿದರೆ ಗುರುತು ಅಳಿಯುವುದಿಲ್ಲ

ಕಚೇರಿಗಳು ಮಾಹಿತಿ ಕೊಡುವಾಗ ಹೆಸರಿನ ಕಾಲಂ ತೆಗೆದು ಎಕ್ಸೆಲ್ ಶೀಟ್ ಕಳಿಸಿ ನಿಶ್ಚಿಂತರಾಗುತ್ತವೆ. ಅಮೆರಿಕದ ಮೆಸಾಚುಸೆಟ್ಸ್ ರಾಜ್ಯ ತನ್ನ ನೌಕರರ ಆಸ್ಪತ್ರೆ ದಾಖಲೆಗಳನ್ನು ಹೀಗೆಯೇ ಹೆಸರಿಲ್ಲದೆ ಸಂಶೋಧಕರಿಗೆ ಕೊಟ್ಟಿತ್ತು. ಆಗ ವಿದ್ಯಾರ್ಥಿನಿಯಾಗಿದ್ದ ಲಟಾನ್ಯಾ ಸ್ವೀನಿ ಅದನ್ನು ಮತದಾರರ ಪಟ್ಟಿಯ ಪಕ್ಕ ಇಟ್ಟು, ಜನ್ಮದಿನಾಂಕ, ಲಿಂಗ, ಪಿನ್ ಕೋಡ್ ಈ ಮೂರನ್ನೇ ಹೊಂದಿಸಿ ರಾಜ್ಯದ ಗವರ್ನರ್ ವಿಲಿಯಂ ವೆಲ್ಡ್ ಅವರ ದಾಖಲೆಯನ್ನೇ ಹೆಕ್ಕಿ ತೆಗೆದರು. ಈ ಮೂರು ವಿವರ ಗೊತ್ತಿದ್ದರೆ ಅಮೆರಿಕದ ಸುಮಾರು 87% ಜನರನ್ನು ಒಬ್ಬೊಬ್ಬರಾಗಿ ಗುರುತಿಸಬಹುದು ಎಂದು 2000ದಲ್ಲಿ ಅವರು ಅಂದಾಜಿಸಿದರು.

ಹಾಗಾಗಿ ಜನ್ಮದಿನಾಂಕದ ಬದಲು ವಯಸ್ಸಿನ ಗುಂಪು, ವಿಳಾಸದ ಬದಲು ವಾರ್ಡ್, ಅರ್ಜಿ ಸಂಖ್ಯೆಯ ಬದಲು ಹೊಸ ಕ್ರಮಸಂಖ್ಯೆ. ಹಳೆಯ ಸಂಖ್ಯೆಗೂ ಹೊಸದಕ್ಕೂ ನಂಟು ಕಟ್ಟುವ ಪಟ್ಟಿ ಕಚೇರಿಯ ಕಂಪ್ಯೂಟರಿನಲ್ಲೇ ಇರಬೇಕು. ಕೋಷ್ಟಕದ ಯಾವುದಾದರೂ ಚೌಕದಲ್ಲಿ ಐದಕ್ಕಿಂತ ಕಡಿಮೆ ಜನರ ಲೆಕ್ಕ ಬಂದರೆ ಆ ಅಂಕಿ ವರದಿಯಲ್ಲಿ ಬೇಡ. ‘ಆಮೇಲೆ ನೋಡೋಣ’ ಎಂದು ತುಂಬಿದ ಅರ್ಜಿಯ ಫೋಟೋವನ್ನು ಫೋನಿನಲ್ಲಿ ತೆಗೆದುಕೊಂಡು ಗುಂಪಿನ ವಾಟ್ಸಾಪ್‌ಗೆ ಹಾಕುವುದು ಎಲ್ಲಕ್ಕಿಂತ ಸುಲಭವಾಗಿ ಆಗುವ ಅನಾಹುತ. ಮೊದಲ ದಿನವೇ ನಿಷೇಧಿಸಿ.

ಕೌಂಟರಿನ ಪಕ್ಕ ಕೂತು ಅಳೆಯುವುದು

ಈ ಕೆಲಸದ ಹೃದಯ ಇಲ್ಲಿದೆ. ಬೇಕಾದದ್ದು ಒಂದು ಹಾಳೆ, ಒಂದು ಪೆನ್, ಒಂದೇ ಸಮಯ ತೋರಿಸುವ ಎರಡು ಗಡಿಯಾರ. ಒಬ್ಬರು ಬಾಗಿಲ ಬಳಿ, ಇನ್ನೊಬ್ಬರು ಕೌಂಟರಿನ ಓರೆಗೆ. ಹಾಳೆಯಲ್ಲಿ ಐದು ಕಾಲಂ: ಬಂದ ಹೊತ್ತು, ಕೌಂಟರಿಗೆ ಕರೆದ ಹೊತ್ತು, ಹೊರಟ ಹೊತ್ತು, ಆದದ್ದೇನು (ಕೆಲಸ ಆಯಿತು, ವಾಪಸ್ ಹೋದರು, ಬೇರೆ ಕಡೆ ಕಳಿಸಿದರು), ಕಾರಣ. ನೌಕರರ ಹೆಸರಿನ ಕಾಲಂ ಇರಲೇಬಾರದು. ಇದ್ದರೆ ಅಳತೆ ಅಲ್ಲಿಗೇ ಕೆಡುತ್ತದೆ. ಜೊತೆಗೆ ಅವರ ನಂಬಿಕೆಯೂ.

ಟೋಕನ್ ಯಂತ್ರ ಇದ್ದರೆ ಅದರ ಅಂಕಿಯನ್ನೇ ತೆಗೆದುಕೊಳ್ಳೋಣ ಎನಿಸುತ್ತದೆ. ಯಂತ್ರದ ಗಡಿಯಾರ ಓಡುವುದು ಟೋಕನ್ ಹರಿದ ಮೇಲೆ. ಬಾಗಿಲು ತೆಗೆಯುವ ಮುಂಚೆ ಮುಕ್ಕಾಲು ಗಂಟೆ ನಿಂತವರ ಕಾಯುವಿಕೆ ಅದಕ್ಕೆ ಗೊತ್ತಾಗದು. ಬಾಗಿಲ ಬಳಿ ಒಬ್ಬರು ಬೇಕೆನ್ನುವುದು ಅದಕ್ಕೇ. ಕನಿಷ್ಠ ಮೂರು ದಿನ ಅಳೆಯಿರಿ, ಅದರಲ್ಲಿ ಒಂದು ದಿನ ವಾರದ ಅತಿ ದಟ್ಟಣೆಯ ದಿನವಾಗಿರಲಿ. ಮೊದಲ ಅರ್ಧ ದಿನದ ಅಂಕಿಯನ್ನು ಎಸೆದುಬಿಡಿ. ಯಾರೋ ನೋಡುತ್ತಿದ್ದಾರೆ ಎಂಬ ಎಚ್ಚರ ಇರುವಷ್ಟು ಹೊತ್ತು ಎಲ್ಲರೂ ಚುರುಕಾಗಿರುತ್ತಾರೆ, ಚಹಾ ಹೊತ್ತು ಕಳೆದ ಮೇಲೆ ಕಚೇರಿ ತನ್ನ ನಿಜವಾದ ನಡಿಗೆಗೆ ಬರುತ್ತದೆ.

ಓರೆಗೆ ಕೂತವರಿಗೆ ಕಾಣುವ ಸಣ್ಣಪುಟ್ಟ ಸಂಗತಿಗಳೇ ಬಂಗಾರ. ಐದು ನಿಮಿಷದ ಕೆಲಸದಲ್ಲಿ ಅರ್ಜಿ ಪರಿಶೀಲನೆಗೆ ಹೋದದ್ದು ಎಷ್ಟು, ಪ್ರಿಂಟರ್ ಇರುವ ಪಕ್ಕದ ಕೋಣೆಗೆ ಎದ್ದು ಹೋಗಿಬಂದದ್ದು ಎಷ್ಟು, ಅದೇ ಹೆಸರನ್ನು ರಿಜಿಸ್ಟರಿನಲ್ಲೊಮ್ಮೆ ಕಂಪ್ಯೂಟರಿನಲ್ಲೊಮ್ಮೆ ಬರೆದದ್ದು ಎಷ್ಟು, ‘ಜೆರಾಕ್ಸ್ ಮಾಡಿಸಿಕೊಂಡು ಬನ್ನಿ’ ಎಂದು ಕಳಿಸಿ ಅವರು ಬರುವವರೆಗೆ ಅರ್ಧಕ್ಕೆ ನಿಂತದ್ದು ಎಷ್ಟು. ಇದನ್ನು ಬಿಡಿಬಿಡಿಯಾಗಿ ಬರೆದುಕೊಳ್ಳಬೇಕು.

ಈ ಐದು ನಿಮಿಷದಲ್ಲಿ ಅರ್ಧ ನಿಮಿಷ ಉಳಿದರೆ ಏನು ಮಹಾ ಎಂದು ಕೇಳಬಹುದು. ಸಾಲಿನ ಗಣಿತ ಇಲ್ಲಿ ನಮ್ಮ ಎಣಿಕೆಗೆ ಮೀರಿ ನಡೆಯುತ್ತದೆ. ಡೆನ್ಮಾರ್ಕಿನ ಎಂಜಿನಿಯರ್ ಎ.ಕೆ. ಎರ್ಲಾಂಗ್ ಟೆಲಿಫೋನ್ ಕರೆಗಳ ದಟ್ಟಣೆ ಕುರಿತು 1909ರಲ್ಲಿ ಬರೆದ ಲೇಖನದಿಂದ ಈ ಶಾಸ್ತ್ರ ಬೆಳೆಯಿತು. ಅದರ ಅತಿ ಸರಳ ಮಾದರಿ ಒಂದೇ ಕೌಂಟರಿನದು: ಜನ ಬರುವ ಹೊತ್ತೂ ಕೆಲಸಕ್ಕೆ ಹಿಡಿಯುವ ಹೊತ್ತೂ ಏರುಪೇರಾಗುತ್ತಿರುತ್ತವೆ. ಪ್ರತಿಯೊಬ್ಬರಿಗೂ ಸರಾಸರಿ 5 ನಿಮಿಷ ಬೇಕು ಎಂದಿಟ್ಟುಕೊಳ್ಳಿ. ಕೌಂಟರ್ ತನ್ನ ಹೊತ್ತಿನ 80% ಕೆಲಸದಲ್ಲಿದ್ದರೆ ಸಾಲಿನಲ್ಲಿ ಕಾಯುವುದು ಸರಾಸರಿ 20 ನಿಮಿಷ. 90% ಆದರೆ 45 ನಿಮಿಷ. 95% ಆದರೆ 95 ನಿಮಿಷ! ಅಂದರೆ ಕೌಂಟರ್ ತುಂಬಿ ತುಳುಕುತ್ತಿರುವಾಗ ಸಣ್ಣ ಉಳಿತಾಯವೂ ಸಾಲನ್ನು ಅರ್ಧಕ್ಕರ್ಧ ಕರಗಿಸುತ್ತದೆ. 95% ಇದ್ದ ಕೌಂಟರಿನಲ್ಲಿ ಕೆಲಸದ ಹೊತ್ತು 5ರಿಂದ 4.5 ನಿಮಿಷಕ್ಕೆ ಇಳಿದರೆ ಬಳಕೆ 85.5%ಗೆ ಬರುತ್ತದೆ, ಕಾಯುವುದು ಸುಮಾರು 27 ನಿಮಿಷಕ್ಕೆ. ಪ್ರಿಂಟರನ್ನು ಮೇಜಿನ ಪಕ್ಕಕ್ಕೆ ತಂದಿಟ್ಟದ್ದಕ್ಕೆ ಇಷ್ಟು. ನಿಜವಾದ ಕಚೇರಿ ಈ ಮಾದರಿಯಷ್ಟು ಶುದ್ಧವಾಗಿರುವುದಿಲ್ಲ, ಆದರೆ ಅಂಕಿ ಹೋಗುವ ದಿಕ್ಕು ಇದೇ. ‘ನಮ್ಮ ಸಿಬ್ಬಂದಿ ಒಂದು ನಿಮಿಷವೂ ಖಾಲಿ ಕೂರುವುದಿಲ್ಲ’ ಎಂದು ಹೆಮ್ಮೆಪಡುವ ಕಚೇರಿಯ ಮುಂದೆ ಸಾಲು ಉದ್ದವಿರುವುದೂ ಇದರಿಂದಲೇ.

ಕಡತ ಎಲ್ಲಿ ಮಲಗುತ್ತದೆ

ಕೌಂಟರಿನಲ್ಲಿ ಕೊಟ್ಟ ಅರ್ಜಿ ಒಳಗೆ ಹೋದಮೇಲೆ ಬೇರೆ ಬಗೆಯ ಅಳತೆ ಬೇಕು. ವಿಲೇವಾರಿಯಾದ 30 ಕಡತ ತೆಗೆದುಕೊಂಡು, ಪ್ರತಿಯೊಂದರ ಮೇಲಿರುವ ದಿನಾಂಕಗಳನ್ನು ಸಾಲಾಗಿ ಬರೆಯಿರಿ: ಸ್ವೀಕೃತಿ ಮೊಹರು, ಗುಮಾಸ್ತರ ಟಿಪ್ಪಣಿ, ಸ್ಥಳ ಪರಿಶೀಲನೆ, ಪ್ರತಿಯೊಬ್ಬರ ಸಹಿ, ರವಾನೆ. ಎಲ್ಲ ಸೇರಿ ಮೂರು ವಾರ ಆಗಿದ್ದರೆ, ಕಡತದ ಮೇಲೆ ನಿಜವಾಗಿ ಕೈ ಆಡಿದ ಹೊತ್ತು ಒಂದು ಗಂಟೆಯೂ ಇರಲಿಕ್ಕಿಲ್ಲ. ಉಳಿದದ್ದು ಕಾಯುವಿಕೆ.

ಇಲ್ಲಿ ಸೋಮಾರಿತನ ಹುಡುಕಲು ಹೊರಡಬೇಡಿ. ಅಧಿಕಾರಿ ವಾರಕ್ಕೊಮ್ಮೆ ಒಟ್ಟಿಗೆ ಸಹಿ ಮಾಡುವ ಪದ್ಧತಿ ಇದ್ದರೆ, ವಾರವಿಡೀ ಒಂದೇ ಸಮ ಬರುವ ಕಡತಗಳು ಆ ಮೇಜಿನಲ್ಲಿ ಸರಾಸರಿ ಮೂರೂವರೆ ದಿನ ಕಾಯುತ್ತವೆ. ಅಂಥ ಮೂರು ಮೇಜು ಇದ್ದರೆ ಹತ್ತು ದಿನ ಹಾಗೇ ಹೋಯಿತು, ಯಾರದೂ ತಪ್ಪಿಲ್ಲದೆ. ವಾರಕ್ಕೆರಡು ಸಲ ಸಹಿ ಎಂದು ಬದಲಿಸಿದರೆ ಹತ್ತು ಐದಾಗುತ್ತದೆ. ಇದಕ್ಕೆ ಆ್ಯಪ್ ಬೇಡ, ಅರ್ಧ ಪುಟದ ಕಚೇರಿ ಆದೇಶ ಸಾಕು.

ಕಚೇರಿಯ ಸ್ವಂತ ವರದಿಯನ್ನು ಪರೀಕ್ಷಿಸಲು ಒಂದು ಸರಳ ಸೂತ್ರವಿದೆ. ಅಮೆರಿಕದ ಸಂಶೋಧಕ ಜಾನ್ ಲಿಟ್ಲ್ 1961ರಲ್ಲಿ ಸಾಧಿಸಿ ತೋರಿಸಿದ್ದು: ಒಳಗಿರುವ ಒಟ್ಟು ಕಡತ = ದಿನಕ್ಕೆ ಹಾದುಹೋಗುವ ಕಡತ × ಪ್ರತಿ ಕಡತ ಒಳಗಿರುವ ಸರಾಸರಿ ದಿನ. ಬಾಕಿ 600 ಇದ್ದು, ದಿನಕ್ಕೆ ಬರುವುದೂ ಮುಗಿಯುವುದೂ ಸುಮಾರು 20 ಆದರೆ, ಒಂದು ಅರ್ಜಿ ಸರಾಸರಿ 30 ಕೆಲಸದ ದಿನ ಒಳಗಿರುತ್ತದೆ. ತಿಂಗಳ ವರದಿ ‘ಸರಾಸರಿ 12 ದಿನ’ ಎನ್ನುತ್ತಿದ್ದರೆ ಎಲ್ಲೋ ಲೆಕ್ಕ ತಪ್ಪಿದೆ. ಹೆಚ್ಚಾಗಿ ಅದು ಹೀಗೆ ಆಗಿರುತ್ತದೆ: ದಾಖಲೆ ಕಡಿಮೆ ಎಂದು ಹಿಂಬರಹ ಕೊಟ್ಟ ಅರ್ಜಿಯನ್ನು ‘ವಿಲೇವಾರಿ’ ಎಂದೇ ಎಣಿಸುತ್ತಾರೆ, ಅರ್ಜಿದಾರರು ಮತ್ತೆ ಬಂದಾಗ ಹೊಸ ಸಂಖ್ಯೆ ಬೀಳುತ್ತದೆ, ಗಡಿಯಾರ ಸೊನ್ನೆಯಿಂದ ಶುರುವಾಗುತ್ತದೆ. ಮೂರು ಸಲ ಅಲೆದವರ ಎರಡು ತಿಂಗಳು ವರದಿಯಲ್ಲಿ ಮೂರು ಚುರುಕಾದ ಅರ್ಜಿಗಳಾಗಿ ಕಾಣುತ್ತದೆ. ಅದೇ ವ್ಯಕ್ತಿಯ ಹಳೆ ಮತ್ತು ಹೊಸ ಅರ್ಜಿಯನ್ನು ಕಚೇರಿಯವರ ಕೈಯಿಂದಲೇ ಜೋಡಿಸಿ ಮೊದಲ ದಿನದಿಂದ ಕೊನೆಯ ದಿನದವರೆಗೆ ಎಣಿಸಬೇಕು. ಈ ಒಂದು ಮರುಎಣಿಕೆ ಇಡೀ ಪ್ರಾಜೆಕ್ಟಿನಷ್ಟು ಬೆಲೆಬಾಳಬಹುದು.

ವಾಪಸ್ ಹೋದವರು

ಬ್ರಿಟನ್ನಿನ ನಿರ್ವಹಣಾ ಸಲಹೆಗಾರ ಜಾನ್ ಸೆಡನ್ ಕೌಂಟರಿಗೂ ಫೋನಿಗೂ ಬರುವ ಜನರನ್ನು ಎರಡಾಗಿ ನೋಡಲು ಕಲಿಸಿದರು: ಸೇವೆ ಬೇಕೆಂದು ಬಂದವರು, ಮತ್ತು ಸೇವೆ ಸರಿಯಾಗಿ ಸಿಗದ್ದರಿಂದ ಮತ್ತೆ ಬಂದವರು. ‘ನನ್ನ ಅರ್ಜಿ ಏನಾಯಿತು’, ‘ಹೆಸರು ತಪ್ಪಾಗಿದೆ’, ‘ಹೋದಸಲ ಇದನ್ನು ಹೇಳಿರಲಿಲ್ಲ’, ಇವೆಲ್ಲ ಎರಡನೇ ಬಗೆ. ಕಚೇರಿಯೇ ತನಗೆ ತಾನು ಹುಟ್ಟಿಸಿಕೊಂಡ ಕೆಲಸ. ಎರಡು ದಿನ ಪ್ರತಿ ವಿಚಾರಣೆಗೂ ಒಂದು ಗೀಟು ಎಳೆಯುತ್ತ ಹೋದರೆ ಇದರ ಪ್ರಮಾಣ ಗೊತ್ತಾಗುತ್ತದೆ. ಎರಡನೇ ಬಗೆಯನ್ನು ಬೇಗ ಮುಗಿಸುವ ಉಪಾಯ ಹುಡುಕುವುದಕ್ಕಿಂತ ಅದು ಹುಟ್ಟದಂತೆ ಮಾಡುವುದು ಅಗ್ಗ.

ವಾಪಸಾದ 200 ಅರ್ಜಿಗಳ ಷರಾ ಓದಿ ಕಾರಣವಾರು ವಿಂಗಡಿಸಿ. ಮೊದಲ 30ನ್ನು ಇಬ್ಬರು ಬೇರೆಬೇರೆ ಕೂತು ವಿಂಗಡಿಸಿ ತಾಳೆ ನೋಡಬೇಕು. ಐದಾರಕ್ಕಿಂತ ಹೆಚ್ಚು ಕಡೆ ಭಿನ್ನವಾದರೆ ವರ್ಗಗಳೇ ಮಸುಕಾಗಿವೆ, ತಿದ್ದಿ ಮತ್ತೆ ಶುರುಮಾಡಿ. ‘ಇತರೆ’ ಎಂಬ ಡಬ್ಬಿಯಲ್ಲಿ ಹತ್ತರಲ್ಲೊಂದಕ್ಕಿಂತ ಹೆಚ್ಚು ಬಿದ್ದರೂ ಹಾಗೆಯೇ. ಸಾಮಾನ್ಯವಾಗಿ ಎರಡು ಮೂರು ಕಾರಣಗಳೇ ರಾಶಿಯ ಬಹುಪಾಲನ್ನು ಹೊತ್ತಿರುತ್ತವೆ, ಅದರಲ್ಲೂ ನಮೂನೆಯ ಒಂದೇ ಪ್ರಶ್ನೆ. ‘ಆಸ್ತಿಯ ವಿವರ’ ಎಂದು ಒಂದು ಗೆರೆ ಬಿಟ್ಟಿದ್ದರೆ ಒಬ್ಬರು ಸಂಖ್ಯೆ ಬರೆಯುತ್ತಾರೆ, ಒಬ್ಬರು ಅಳತೆ, ಒಬ್ಬರು ಬೀದಿಯ ಹೆಸರು. ‘ತೆರಿಗೆ ರಸೀದಿಯ ಬಲಮೂಲೆಯಲ್ಲಿರುವ ಆಸ್ತಿ ಸಂಖ್ಯೆ’ ಎಂದು ಬರೆದು, ಅಂಕಿಗೊಂದರಂತೆ ಚೌಕ ಹಾಕಿದರೆ ಆ ಗೊಂದಲ ಮುಗಿಯುತ್ತದೆ.

ತಿದ್ದಿದ ನಮೂನೆಯನ್ನು ಜನರ ಮುಂದೆ ಇಟ್ಟು ನೋಡದೆ ಮುದ್ರಣಕ್ಕೆ ಕಳಿಸಬಾರದು. ಐವರು ಸಾಕು ಎಂಬ ಮಾತು, ಬಳಸಲು ಸುಲಭವಾಗುವಂತೆ ವೆಬ್‌ಸೈಟು, ತಂತ್ರಾಂಶ ರೂಪಿಸುವ ವಿಷಯದ ತಜ್ಞ ಯಾಕೋಬ್ ನೀಲ್ಸನ್ ಅವರಿಂದ ಹರಡಿತು. ಒಬ್ಬ ಬಳಕೆದಾರರಿಗೆ ಸರಾಸರಿ 31% ದೋಷಗಳು ಎದುರಾಗುತ್ತವೆ ಎಂದುಕೊಂಡರೆ ಐವರಿಂದ ಸುಮಾರು 85% ಹೊರಬೀಳುತ್ತವೆ ಎಂಬುದು ಲೆಕ್ಕ. ಆದರೆ ಐವರೂ ಒಂದೇ ಬಗೆಯವರಾದಾಗ ಮಾತ್ರ ಈ ಮಾತು ನಿಲ್ಲುತ್ತದೆ. ತಮ್ಮ ಅರ್ಜಿ ತಾವೇ ತುಂಬುವವರು, ಇನ್ನೊಬ್ಬರಿಗೆ ಬರೆದುಕೊಡುವವರು, ಅಕ್ಷರ ಓದಲು ಕಷ್ಟಪಡುವವರು ಹೀಗೆ ಬಗೆ ಬೇರೆಯಾದರೆ ಪ್ರತಿ ಬಗೆಗೂ ಐವರು. ಕಾಲೇಜಿನ ಗೆಳೆಯರ ಮೇಲೆ ಪ್ರಯೋಗಿಸಿ ‘ಎಲ್ಲರಿಗೂ ಅರ್ಥವಾಯಿತು’ ಎಂದು ಬರೆದ ವರದಿಗೆ ಬೆಲೆಯಿಲ್ಲ.

ಪರೀಕ್ಷೆಯ ವೇಳೆ ಬಾಯಿ ಬಿಡದಿರುವುದು ವಿದ್ಯಾರ್ಥಿಗಳಿಗೆ ಅತಿ ಕಷ್ಟದ ಭಾಗ. ಎದುರಿಗಿರುವವರು ಪೆನ್ ಎತ್ತಿ ತಡೆದು ‘ಇಲ್ಲಿ ಏನು ಬರೆಯಬೇಕು’ ಎಂದರೆ ಉತ್ತರ ಹೇಳಬೇಡಿ. ‘ನಿಮಗೆ ಏನು ಬರೆಯಬೇಕು ಎನಿಸುತ್ತದೆ’ ಎಂದು ಕೇಳಿ, ಆ ಪ್ರಶ್ನೆಯ ಪಕ್ಕ ಒಂದು ಗುರುತು ಹಾಕಿಕೊಳ್ಳಿ.

ಇನ್ನು, ಕೌಂಟರಿನ ಬಳಿ ನಿಂತು ಮಾಡಿದ ಸಮೀಕ್ಷೆಗೆ ಸಿಗುವುದು ಬಂದವರು ಮಾತ್ರ. ಒಂದು ಸಲ ವಾಪಸಾಗಿ ಮತ್ತೆ ಬಾರದೇ ಹೋದವರು, ದಿನದ ಕೂಲಿ ಬಿಟ್ಟು ಬರಲಾಗದವರು, ಮೆಟ್ಟಿಲು ಹತ್ತಲಾಗದವರು ಆ ಸಾಲಿನಲ್ಲಿ ಇರುವುದಿಲ್ಲ. ವಾಪಸಾದ ಅರ್ಜಿಗಳಲ್ಲಿ ಮತ್ತೆ ಸಲ್ಲಿಕೆಯಾಗದವನ್ನು ಹೆಕ್ಕಿ, ಕಚೇರಿಯವರೇ ಫೋನ್ ಮಾಡಿ ಒಪ್ಪಿದವರ ಜೊತೆ ಮಾತ್ರ ಮಾತಾಡಬೇಕು. ಹತ್ತು ಜನ ಸಿಕ್ಕರೂ ಸಾಕು. ಸಂಖ್ಯೆಯ ಬಗ್ಗೆ ಒಂದು ಮಾತು: ಸಮೀಕ್ಷೆಯಿಂದ ಶೇಕಡಾವಾರು ಹೇಳಬೇಕಿದ್ದರೆ ಯಾದೃಚ್ಛಿಕವಾಗಿ ಆರಿಸಿದ 100 ಜನರಲ್ಲಿ ತಪ್ಪಿನ ಅಂಚು (ನಿಜವಾದ ಶೇಕಡಾವಾರು ನಮ್ಮ ಅಂಕಿಯ ಆಚೀಚೆ ಎಷ್ಟು ದೂರ ಇರಬಹುದು ಎಂಬುದು) ಸುಮಾರು 10 ಅಂಶ, 385 ಜನರಲ್ಲಿ 5 ಅಂಶ. ಆನ್‌ಲೈನ್ ಫಾರಂ ಹರಿಬಿಟ್ಟು ಬಂದ 2000 ಉತ್ತರಗಳಿಗೆ ಈ ಲೆಕ್ಕವೇ ಅನ್ವಯಿಸುವುದಿಲ್ಲ, ಯಾಕೆಂದರೆ ಅಲ್ಲಿ ನಾವು ಆರಿಸಿಲ್ಲ, ಅವರೇ ಆರಿಸಿಕೊಂಡಿದ್ದಾರೆ.

ಪ್ರಯೋಗ

ಹೊಸ ನಮೂನೆಯನ್ನು ಒಂದು ತಿಂಗಳು ಬಳಸಿ, ಹಿಂದಿನ ತಿಂಗಳಿಗೆ ಹೋಲಿಸಿ ‘ಸುಧಾರಿಸಿತು’ ಎನ್ನುವುದು ರೂಢಿ. ಹಿಂದಿನ ತಿಂಗಳು ತೆರಿಗೆಯ ಕೊನೆಯ ದಿನ ಇದ್ದರೆ? ತೀರ ಕೆಟ್ಟುಹೋದ ತಿಂಗಳಲ್ಲೇ ಕಚೇರಿ ವಿದ್ಯಾರ್ಥಿಗಳನ್ನು ಕರೆದಿದ್ದರೆ? ತೀರ ಕೆಟ್ಟದ್ದರ ನಂತರ ಏನೂ ಮಾಡದಿದ್ದರೂ ಸ್ವಲ್ಪ ಒಳ್ಳೆಯದೇ ಬರುತ್ತದೆ. ಅದರ ಬದಲು ಮೂರು ವಾರ, ಪ್ರತಿದಿನ ಬೆಳಿಗ್ಗೆ ನಾಣ್ಯ ಚಿಮ್ಮಿ ಆ ದಿನ ಹಳೆಯ ನಮೂನೆಯೋ ಹೊಸದೋ ಎಂದು ನಿರ್ಧರಿಸಿ. ‘ಸೋಮವಾರ ಹಳೆಯದು, ಮಂಗಳವಾರ ಹೊಸದು’ ಎಂದು ಕಟ್ಟಿಟ್ಟರೆ ವಾರದ ದಿನಗಳ ಗುಣ ಫಲಿತಾಂಶದೊಳಗೆ ಸೇರಿಬಿಡುತ್ತದೆ.

ಹಳೆಯದರಲ್ಲಿ 30% ವಾಪಸ್, ಹೊಸದರಲ್ಲಿ 22% ಎಂದು ಬಂತು ಎಂದಿಟ್ಟುಕೊಳ್ಳಿ. ಎರಡೂ ಕಡೆ 300ರಂತೆ ಅರ್ಜಿ ಇದ್ದರೆ ಈ ವ್ಯತ್ಯಾಸವನ್ನು ಹೆಚ್ಚುಕಡಿಮೆ ನಂಬಬಹುದು. 100ರಂತೆ ಇದ್ದರೆ ಅದು ಬರೀ ಅದೃಷ್ಟವೂ ಆಗಿರಬಹುದು, ಹಾಗೆಂದೇ ಬರೆಯಬೇಕು. ಫಲಿತಾಂಶವನ್ನು ಮೊದಲು ಕೌಂಟರಿನವರಿಗೆ ತೋರಿಸಿ, ಆಮೇಲೆ ಅವರ ಮೇಲಧಿಕಾರಿಗೆ. ಈ ಕ್ರಮ ಹಿಂದುಮುಂದಾದರೆ ಮುಂದಿನ ವರ್ಷದ ತಂಡಕ್ಕೆ ಆ ಕಚೇರಿಯಲ್ಲಿ ಕುರ್ಚಿ ಸಿಗುವುದಿಲ್ಲ.

ಕಾಲೇಜಿನ ಕಡೆಯ ತೊಡಕುಗಳು

ಅಂಕ ಕೊಡುವ ರೀತಿ ಕೆಲಸದ ರೀತಿಯನ್ನು ತಿದ್ದುತ್ತದೆ. ‘ಹೊಸತನ’ಕ್ಕೆ ಅಂಕವಿದ್ದರೆ ವಿದ್ಯಾರ್ಥಿಗಳು ಹೊಸತನ್ನೇ ತರುತ್ತಾರೆ, ಕಚೇರಿಗೆ ಬೇಕಾದದ್ದು ಹಳೆಯ ನಮೂನೆಯಲ್ಲಿ ಎರಡು ಗೆರೆಯ ತಿದ್ದುಪಡಿಯಾಗಿದ್ದರೂ. ಅಳತೆಯ ಶಿಸ್ತಿಗೆ, ಹಸ್ತಾಂತರಕ್ಕೆ ಅಂಕ ಮೀಸಲಿಡಿ. ‘ಬದಲಾವಣೆಯಿಂದ ಪ್ರಯೋಜನ ಕಾಣಲಿಲ್ಲ’ ಎಂದು ಪ್ರಾಮಾಣಿಕವಾಗಿ ಬರೆದ ತಂಡಕ್ಕೂ ಪೂರ್ತಿ ಅಂಕ ಸಿಗಬೇಕು.

ಇನ್ನೊಂದು ಸೂಕ್ಷ್ಮ. ಖಾಲಿ ಹುದ್ದೆಯ ಜಾಗದಲ್ಲಿ ವಿದ್ಯಾರ್ಥಿಗಳನ್ನು ಕೂರಿಸಿ ಡೇಟಾ ಎಂಟ್ರಿ ಮಾಡಿಸುವುದು ಸೇವೆಯ ಸುಧಾರಣೆಯಲ್ಲ, ಸಂಬಳವಿಲ್ಲದ ದುಡಿಮೆ. ಗುರುತಿಸುವುದು ಸುಲಭ: ಪರೀಕ್ಷೆಗೆಂದು ವಿದ್ಯಾರ್ಥಿಗಳು ಒಂದು ವಾರ ಬಾರದಿದ್ದಾಗ ಜನರಿಗೆ ಸೇವೆ ನಿಂತುಹೋದರೆ ಪ್ರಾಜೆಕ್ಟ್ ದಾರಿ ತಪ್ಪಿದೆ.

ಬಿಟ್ಟು ಹೋಗುವುದು ಹೇಗೆ

ಎಂಬತ್ತು ಪುಟದ ವರದಿ ಕಾಲೇಜಿಗಿರಲಿ. ಕಚೇರಿಗೆ ಎರಡು ಪುಟ: ಏನು ಬದಲಾಯಿತು, ಯಾಕೆ, ಇನ್ನು ಮುಂದೆ ಯಾರ ಹೊಣೆ, ತಿಂಗಳಿಗೊಮ್ಮೆ ಯಾವ ಒಂದು ಅಂಕಿ ನೋಡಬೇಕು. ಒಂದೇ ಅಂಕಿ. ಹನ್ನೆರಡು ಅಂಕಿಯ ಡ್ಯಾಶ್‌ಬೋರ್ಡನ್ನು ಮೂರನೇ ತಿಂಗಳು ಯಾರೂ ತೆರೆಯುವುದಿಲ್ಲ.

ಎಲ್ಲ ಫೈಲುಗಳೂ ಕಚೇರಿಯ ಖಾತೆಯಲ್ಲಿರಬೇಕು. ಯಾರೋ ವಿದ್ಯಾರ್ಥಿಯ ಸ್ವಂತ ಇಮೇಲಿನಲ್ಲಿ ಮಾಡಿದ ಶೀಟ್ ಆ ಇಮೇಲಿನ ಜೊತೆಗೇ ಸಾಯುತ್ತದೆ. ಸಾಧ್ಯವಾದಲ್ಲೆಲ್ಲ ಕಚೇರಿಯಲ್ಲಿ ಈಗಾಗಲೇ ಇರುವ ಸಾಫ್ಟ್‌ವೇರಿನಲ್ಲೇ ಮಾಡಿ. ಚಂದದ ಫಲಕವನ್ನು ಡಿಸೈನ್ ತಂತ್ರಾಂಶದಲ್ಲಿ ಮಾಡಿ ಪಿಡಿಎಫ್ ಮಾತ್ರ ಕೊಟ್ಟರೆ, ಶುಲ್ಕ ಬದಲಾದ ದಿನ ಯಾರೋ ಬಿಳಿ ಕಾಗದದ ಚೂರಿನ ಮೇಲೆ ಪೆನ್ನಿನಲ್ಲಿ ಹೊಸ ಅಂಕಿ ಬರೆದು ಅಂಟಿಸುತ್ತಾರೆ. ಆರು ತಿಂಗಳಲ್ಲಿ ಫಲಕದ ತುಂಬ ಚೂರುಗಳು.

ಹಸ್ತಾಂತರದ ಮೊದಲ ವಾರದಲ್ಲೇ ಒಂದು ತಾಲೀಮು ನಡೆಸಿ. ಕೌಂಟರಿನವರ ಕೈಗೆ ಕೈಪಿಡಿ ಕೊಟ್ಟು, ಫಲಕದಲ್ಲಿ ಶುಲ್ಕದ ಅಂಕಿ ಬದಲಿಸಿ ಪ್ರಿಂಟ್ ತೆಗೆಯಲು, ನಮೂನೆಗೆ ಒಂದು ಹೊಸ ಪ್ರಶ್ನೆ ಸೇರಿಸಲು, ಈ ತಿಂಗಳ ವಾಪಸಾತಿಯ ಅಂಕಿ ಲೆಕ್ಕಹಾಕಲು ಕೇಳಿ. ವಿದ್ಯಾರ್ಥಿಗಳು ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತಿರಲಿ, ಮೌಸ್ ಮುಟ್ಟುವಂತಿಲ್ಲ. ಎಲ್ಲಿ ಅವರು ತಡೆದು ‘ಇದು ಹೇಗೆ’ ಎಂದು ತಿರುಗಿ ನೋಡುತ್ತಾರೋ ಕೈಪಿಡಿಯ ಆ ಸಾಲನ್ನು ಅಂದೇ ಸಂಜೆ ತಿದ್ದಿ, ಮರುದಿನ ರಜೆಯಿಂದ ಬಂದ ಇನ್ನೊಬ್ಬ ನೌಕರರಿಂದ ಅದೇ ಕೆಲಸ ಮಾಡಿಸಿ ನೋಡಬೇಕು.